ಎಷ್ಟು ಅರ್ಜಿ, ಎಷ್ಟು ಇಂಟರ್‌ವ್ಯೂ? ಅಮೆರಿಕದ ರೆಸಿಡೆನ್ಸಿಗೆ ಹೊರಟ ನಮ್ಮ ವೈದ್ಯರಿಗೂ ಅವರ ಮನೆಯವರಿಗೂ ಒಂದು ಬಹಿರಂಗ ಪತ್ರ

ಪ್ರೀತಿಯ ಕಿರಿಯ ವೈದ್ಯರೇ, ಅವರ ಅಪ್ಪ ಅಮ್ಮಂದಿರೇ, ಮತ್ತು ನಮ್ಮ ವೈದ್ಯಕೀಯ ಕಾಲೇಜುಗಳ ಪ್ರಾಂಶುಪಾಲರೇ,

ಆಗಸ್ಟ್ ಬಂತೆಂದರೆ ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿ, ಕಲಬುರಗಿಯ ಎಷ್ಟೋ ಮನೆಗಳಲ್ಲಿ ಒಂದೇ ಪ್ರಶ್ನೆ: ಅಮೆರಿಕದ ರೆಸಿಡೆನ್ಸಿಗೆ, ಅಂದರೆ ಅಲ್ಲಿನ ಆಸ್ಪತ್ರೆಗಳು ನಡೆಸುವ ಸ್ನಾತಕೋತ್ತರ ವೈದ್ಯ ತರಬೇತಿಗೆ, ಎಷ್ಟು ಪ್ರೋಗ್ರಾಂಗೆ ಅರ್ಜಿ ಹಾಕೋಣ? ಒಬ್ಬರು ಎಂಬತ್ತು ಅನ್ನುತ್ತಾರೆ, ಇನ್ನೊಬ್ಬರು ಇನ್ನೂರು ಅನ್ನುತ್ತಾರೆ. ಹೇಗೂ ಇಷ್ಟು ಖರ್ಚಾಗಿದೆ, ಇನ್ನೆರಡು ಲಕ್ಷಕ್ಕೆ ಯಾಕೆ ಹಿಂದೆ ಮುಂದೆ ನೋಡುವುದು ಎಂದು ಅಪ್ಪ ಹೇಳುತ್ತಾರೆ. ಕಂಡ ದೇವರಿಗೆಲ್ಲ ಹರಕೆ ಹೊತ್ತ ಹಾಗೆ ಕಂಡ ಪ್ರೋಗ್ರಾಂಗೆಲ್ಲ ಅರ್ಜಿ ಹೋಗುತ್ತದೆ. ಅಕ್ಟೋಬರ್ ಕಳೆಯುತ್ತದೆ, ಮೂರೇ ಮೂರು ಇಂಟರ್‌ವ್ಯೂ ಬಂದಿರುತ್ತವೆ. ಹೀಗಾಗುವುದನ್ನು ತಪ್ಪಿಸಬೇಕೆಂದೇ ಈ ಪತ್ರ. ಇಲ್ಲಿ ಹೇಳುವುದು ಹೆಚ್ಚಾಗಿ ಇಂಟರ್ನಲ್ ಮೆಡಿಸಿನ್ (ನಮ್ಮ ಜನರಲ್ ಮೆಡಿಸಿನ್) ಬಗ್ಗೆ, ಏಕೆಂದರೆ ಭಾರತದಿಂದ ಹೋಗುವವರಲ್ಲಿ ಹೆಚ್ಚಿನವರು ಆರಿಸಿಕೊಳ್ಳುವುದು ಅದನ್ನೇ.

ಗೊಂದಲ ಹುಟ್ಟುವುದು ನಮಗೆ ಚೆನ್ನಾಗಿ ಗೊತ್ತಿರುವ ಇನ್ನೊಂದು ವ್ಯವಸ್ಥೆಯಿಂದ. ಕೆಇಎ ಕೌನ್ಸೆಲಿಂಗ್‌ನಲ್ಲಿ ಆಪ್ಷನ್ ಎಂಟ್ರಿ ಮಾಡಿದವರು ನಾವೆಲ್ಲ. ಅಲ್ಲಿ ನಿಮ್ಮ ರ್‍ಯಾಂಕ್ ಮೊದಲೇ ತೀರ್ಮಾನವಾಗಿರುತ್ತದೆ. ನೂರು ಆಪ್ಷನ್ ಹಾಕಿದರೂ ಹೆಚ್ಚಿಗೆ ದುಡ್ಡಿಲ್ಲ, ನಿಮ್ಮ ಹೆಸರನ್ನು ಯಾರೂ ಕೂತು ಓದುವುದಿಲ್ಲ, ಪಟ್ಟಿ ಉದ್ದವಿದ್ದಷ್ಟೂ ಒಳ್ಳೆಯದು. ಈ ಅಭ್ಯಾಸವನ್ನೇ ಅಮೆರಿಕದ ಮ್ಯಾಚ್‌ಗೂ, ಅಂದರೆ ಅಭ್ಯರ್ಥಿಗಳ ಪಟ್ಟಿಯನ್ನೂ ಆಸ್ಪತ್ರೆಗಳ ಪಟ್ಟಿಯನ್ನೂ ಹೊಂದಿಸಿ ಸೀಟು ಕೊಡುವ ವ್ಯವಸ್ಥೆಗೂ, ಕೊಂಡೊಯ್ಯುತ್ತೇವೆ. ಆದರೆ ಅಲ್ಲಿ ಪಟ್ಟಿ ಒಂದಲ್ಲ, ಎರಡು. ಮೊದಲನೆಯದು ಸೆಪ್ಟೆಂಬರ್‌ನಲ್ಲಿ ಇರಾಸ್ ಎಂಬ ಆನ್‌ಲೈನ್ ಅರ್ಜಿ ವ್ಯವಸ್ಥೆಯ ಮೂಲಕ ಕಳಿಸುವ ಅರ್ಜಿಗಳ ಪಟ್ಟಿ. ಅದಕ್ಕೆ ತಲಾ ದುಡ್ಡು ಕೊಡಬೇಕು, ಮೊದಲು ಕಂಪ್ಯೂಟರಿನ ಜರಡಿಯಲ್ಲಿ ಸೋಸುತ್ತಾರೆ, ಉಳಿದದ್ದನ್ನು ಮನುಷ್ಯರು ಓದುತ್ತಾರೆ. ಎರಡನೆಯದು ಇಂಟರ್‌ವ್ಯೂಗಳೆಲ್ಲ ಮುಗಿದ ಮೇಲೆ ಮ್ಯಾಚ್ ನಡೆಸುವ ಎನ್‌ಆರ್‌ಎಂಪಿ ಸಂಸ್ಥೆಗೆ, ನಿಮಗೆ ಬೇಕಾದ ಕ್ರಮದಲ್ಲಿ ಬರೆದು ಕೊಡುವ ರ್‍ಯಾಂಕ್ ಲಿಸ್ಟ್. ಆಪ್ಷನ್ ಎಂಟ್ರಿಯ ಬುದ್ಧಿ ಎರಡನೆಯದಕ್ಕೆ ಹೊಂದುತ್ತದೆ, ಮೊದಲನೆಯದಕ್ಕಲ್ಲ. ಇನ್ನೊಂದು ಮಾತು: ಕೆಇಎಯಲ್ಲಿ ಸೀಟು ಬಂದ ಮೇಲೆ ಚಾಯ್ಸ್ 1, 2, 3, 4 ಎಂದು ಯೋಚಿಸಲು ಅವಕಾಶವಿದೆ. ಮ್ಯಾಚ್‌ನಲ್ಲಿ ಅದಿಲ್ಲ. ಬಂದ ಫಲಿತಾಂಶಕ್ಕೆ ನೀವೂ ಆಸ್ಪತ್ರೆಯೂ ಬದ್ಧರು, ಬಿಡಬೇಕೆಂದರೆ ಎನ್‌ಆರ್‌ಎಂಪಿಯ ಅನುಮತಿ ಬೇಕು.

ಹಾಗಾಗಿ ಲೆಕ್ಕವನ್ನು ಹಿಂದಿನಿಂದ ಹಾಕಬೇಕು. ನಿಮ್ಮನ್ನು ಮ್ಯಾಚ್ ಮಾಡಿಸುವುದು ರ್‍ಯಾಂಕ್ ಲಿಸ್ಟಿನಲ್ಲಿರುವ ಹೆಸರುಗಳು. ಇಂಟರ್‌ವ್ಯೂ ಕೊಡದ ಪ್ರೋಗ್ರಾಂ ಹೆಸರನ್ನೂ ಪಟ್ಟಿಗೆ ಸೇರಿಸಬಹುದು, ಆದರೆ ಅವರ ಪಟ್ಟಿಯಲ್ಲಿ ನೀವಿರುವುದಿಲ್ಲವಾದ್ದರಿಂದ ಪ್ರಯೋಜನವಿಲ್ಲ. ಅಂದರೆ ಮೊದಲು ಕೇಳಬೇಕಾದ ಪ್ರಶ್ನೆ ಎಷ್ಟು ಅರ್ಜಿ ಎಂಬುದಲ್ಲ, ಎಷ್ಟು ಇಂಟರ್‌ವ್ಯೂ ಬೇಕು ಎಂಬುದು.

ತಿಳಿಯಲೆಂದು ಒಂದು ಲೆಕ್ಕ ಹಾಕೋಣ. ಒಂದು ಇಂಟರ್‌ವ್ಯೂ ಸೀಟಾಗುವ ಸಾಧ್ಯತೆ ಶೇ. 15 ಎಂದು ಹಿಡಿಯಿರಿ. ಇದು ಊಹೆಯ ಸಂಖ್ಯೆ, ಯಾರೂ ಅಳೆದದ್ದಲ್ಲ. ಆಗ 5 ಇಂಟರ್‌ವ್ಯೂ ಇದ್ದವರಿಗೆ ಎಲ್ಲಾದರೂ ಒಂದು ಕಡೆ ಮ್ಯಾಚ್ ಆಗುವ ಸಾಧ್ಯತೆ ಸುಮಾರು ಶೇ. 56, 10 ಇದ್ದರೆ ಶೇ. 80, 15 ಇದ್ದರೆ ಶೇ. 91, 20 ಇದ್ದರೆ ಶೇ. 96. ಐದರಿಂದ ಹತ್ತಕ್ಕೆ ಹೋದಾಗ ಸಿಗುವುದು 24 ಅಂಶ, ಹದಿನೈದರಿಂದ ಇಪ್ಪತ್ತಕ್ಕೆ ಹೋದಾಗ ಸಿಗುವುದು ಐದೇ. ಎನ್‌ಆರ್‌ಎಂಪಿ ಪ್ರಕಟಿಸುವ ನಕ್ಷೆಗಳಲ್ಲೂ ಗೆರೆಯ ಆಕಾರ ಹೀಗೇ: ಮೊದಲು ಕಡಿದಾಗಿ ಏರುತ್ತದೆ, ಆಮೇಲೆ ಮಲಗುತ್ತದೆ. ಆದರೆ ಈ ಲೆಕ್ಕದಲ್ಲೊಂದು ಮೋಸವಿದೆ, ಅದನ್ನು ಗಮನಿಸಿ. ಇಂಟರ್‌ವ್ಯೂಗಳು ಒಂದಕ್ಕೊಂದು ಸಂಬಂಧವಿಲ್ಲದ ನಾಣ್ಯಗಳಲ್ಲ. ಎಂಬಿಬಿಎಸ್ ಮುಗಿದ ಮೇಲಿನ ಎರಡು ವರ್ಷ ಏನು ಮಾಡಿದಿರಿ ಎಂಬ ಪ್ರಶ್ನೆಗೆ ಒಂದು ಕಡೆ ತಡವರಿಸಿದವರು ಎಲ್ಲ ಕಡೆಯೂ ತಡವರಿಸುತ್ತಾರೆ. ಆ ಉತ್ತರವನ್ನು ತಿದ್ದಿಕೊಳ್ಳದೆ ಇಂಟರ್‌ವ್ಯೂ ಸಂಖ್ಯೆಯನ್ನು ಎರಡು ಪಟ್ಟು ಮಾಡಿದರೂ ಲೆಕ್ಕ ಹೇಳಿದಷ್ಟು ಲಾಭ ಸಿಗುವುದಿಲ್ಲ.

ಅಮೆರಿಕದ ಪೌರರಲ್ಲದ, ಹೊರದೇಶದಲ್ಲಿ ಓದಿದ ವೈದ್ಯರಲ್ಲಿ ಮೊದಲ ವರ್ಷದ ಸೀಟಿಗೆ ಮ್ಯಾಚ್ ಆದವರು 2024ರಲ್ಲಿ ಶೇ. 58.5, 2025ರಲ್ಲಿ ಶೇ. 58. ಅದೇ ಹೊತ್ತಿಗೆ ಅಮೆರಿಕದಲ್ಲೇ ಎಂಡಿ ಓದಿದ ಅಂತಿಮ ವರ್ಷದವರಲ್ಲಿ ಶೇ. 93ಕ್ಕೂ ಹೆಚ್ಚು. ಆದ್ದರಿಂದ ಅಲ್ಲಿನ ವಿದ್ಯಾರ್ಥಿಗಳಿಗೆ ಹೇಳುವ ಸಂಖ್ಯೆಯನ್ನು ನೀವು ಹಾಗೇ ಎತ್ತಿಕೊಳ್ಳಬೇಡಿ. ನಮ್ಮ ಅಂದಾಜು ಇದು: ಇಂಟರ್ನಲ್ ಮೆಡಿಸಿನ್‌ಗೆ ಹೋಗುವ ಭಾರತದ ಅಭ್ಯರ್ಥಿ 10ರಿಂದ 12 ಇಂಟರ್‌ವ್ಯೂ ಗುರಿಯಾಗಿಟ್ಟುಕೊಳ್ಳಲಿ. ಆರಕ್ಕಿಂತ ಕಡಿಮೆಯಾದರೆ ಮುಂದಿನ ವರ್ಷದ ಯೋಜನೆಯನ್ನೂ ಜೊತೆಗೇ ಶುರು ಮಾಡಲಿ. ಹದಿನೈದು ದಾಟಿದರೆ ಕೆಲವನ್ನು ಬಿಟ್ಟುಕೊಡುವ ಯೋಚನೆ ಮಾಡಲಿ.

ಈಗ ಅರ್ಜಿಗೆ ಬರೋಣ. ಇಂಟರ್ನಲ್ ಮೆಡಿಸಿನ್‌ನಲ್ಲಿ ಆರು ನೂರಕ್ಕೂ ಹೆಚ್ಚು ಪ್ರೋಗ್ರಾಂಗಳಿವೆ. ನಿಮಗೆ ಬಾಗಿಲು ತೆರೆದಿರುವುದು ಅದರಲ್ಲಿ ಒಂದು ಭಾಗ ಮಾತ್ರ. ಅರ್ಜಿ ಎಷ್ಟು ಎಂಬುದನ್ನು ಆ ಭಾಗವೇ ತೀರ್ಮಾನಿಸಬೇಕು. ಮುಚ್ಚಿದ ಬಾಗಿಲಿಗೆ ಕಳಿಸಿದ ಅರ್ಜಿ ಸಣ್ಣ ಸಾಧ್ಯತೆಯೂ ಅಲ್ಲ, ಪೂರ್ತಿ ಸೊನ್ನೆ. ಐವತ್ತು ಸೊನ್ನೆ ಕೂಡಿದರೂ ಸೊನ್ನೆಯೇ.

ಜೂನ್‌ನಲ್ಲೇ ಒಂದು ಎಕ್ಸೆಲ್ ಹಾಳೆ ತೆರೆಯಿರಿ. ಅಮೆರಿಕದ ವೈದ್ಯರ ಸಂಘ ಎಎಂಎಯ ಫ್ರೀಡಾ ಎಂಬ ಆನ್‌ಲೈನ್ ಪಟ್ಟಿಯಿಂದ ಪ್ರೋಗ್ರಾಂಗಳ ಹೆಸರು ತೆಗೆದುಕೊಳ್ಳಿ, ಅಲ್ಲಿನ ವೈದ್ಯಕೀಯ ಕಾಲೇಜುಗಳ ಸಂಘ ಎಎಎಂಸಿಯ ರೆಸಿಡೆನ್ಸಿ ಎಕ್ಸ್‌ಪ್ಲೋರರ್‌ನಲ್ಲಿ ಹೋಲಿಸಿ, ಕೊನೆಗೆ ಪ್ರತಿ ಪ್ರೋಗ್ರಾಂನ ಸ್ವಂತ ಪುಟಕ್ಕೆ ಹೋಗಿ ಖಚಿತ ಮಾಡಿಕೊಳ್ಳಿ. ಮೂರೂ ಕಡೆ ಬೇರೆ ಬೇರೆ ಮಾಹಿತಿ ಇದ್ದರೆ ಪ್ರೋಗ್ರಾಂಗೆ ಎರಡೇ ಸಾಲಿನ ಇಮೇಲ್ ಬರೆದು ಕೇಳಿ. ಒಂದು ಪ್ರೋಗ್ರಾಂಗೆ 12 ನಿಮಿಷ ಎಂದರೂ 300ಕ್ಕೆ 60 ಗಂಟೆ, ದಿನಕ್ಕೆರಡು ಗಂಟೆಯಂತೆ ಒಂದು ತಿಂಗಳ ಕೆಲಸ. ಹೌಸ್ ಸರ್ಜನ್ಸಿ ಮಾಡುತ್ತಿರುವವರು ಇದನ್ನು ಸೆಪ್ಟೆಂಬರ್‌ವರೆಗೆ ಮುಂದೂಡಿ, ಆಗ ಸಮಯ ಸಾಲದೆ, ಯಾರೋ ಕೊಟ್ಟ ಹಳೆಯ ಪಟ್ಟಿಗೆ ದುಡ್ಡು ಕಟ್ಟುತ್ತಾರೆ. ಇನ್ನೂರು ಅರ್ಜಿ ಎಂಬ ಸಂಖ್ಯೆ ಬಹಳ ಸಲ ಹುಟ್ಟುವುದೇ ಹೀಗೆ.

ಹಾಳೆಯ ಮೊದಲ ಕಾಲಂ ವೀಸಾ. ತರಬೇತಿಗೆ ಹೋಗುವವರ ಜೆ-1 ವೀಸಾಕ್ಕೆ ಪ್ರಾಯೋಜಕರು ಹೊರದೇಶದ ವೈದ್ಯರ ಅರ್ಹತೆ ದೃಢೀಕರಿಸುವ ಇಸಿಎಫ್‌ಎಂಜಿಯವರೇ, ಆದ್ದರಿಂದ ಹೊರದೇಶದವರನ್ನು ತೆಗೆದುಕೊಳ್ಳುವ ಹೆಚ್ಚಿನ ಪ್ರೋಗ್ರಾಂಗಳು ಅದನ್ನು ಒಪ್ಪುತ್ತವೆ. ಕೆಲಸದ ವೀಸಾ ಎಚ್-1ಬಿಗೆ ಆಸ್ಪತ್ರೆಯೇ ಅರ್ಜಿ ಹಾಕಬೇಕು, ಅದಕ್ಕೂ ಮುಂಚೆ ನೀವು ಸ್ಟೆಪ್ 3, ಅಂದರೆ ಅಮೆರಿಕದ ವೈದ್ಯ ಪರವಾನಗಿ ಪರೀಕ್ಷೆ ಯುಎಸ್‌ಎಂಎಲ್‌ಇಯ ಕೊನೆಯ ಹಂತ, ಪಾಸಾಗಿರಬೇಕು. 2025ರ ಸೆಪ್ಟೆಂಬರ್ 19ರ ಅಧ್ಯಕ್ಷೀಯ ಘೋಷಣೆ ಅಮೆರಿಕದ ಹೊರಗಿರುವವರ ಹೊಸ ಎಚ್-1ಬಿ ಅರ್ಜಿಗೆ 1,00,000 ಡಾಲರ್ ಶುಲ್ಕ ಹೇರಿದ ಮೇಲಂತೂ, ಎಚ್-1ಬಿ ಒಂದನ್ನೇ ನೆಚ್ಚಿಕೊಂಡು ಪಟ್ಟಿ ಕಟ್ಟುವುದು ಅಪಾಯ. ಒಂದೆರಡು ವರ್ಷದ ಹಿಂದಿನ ಪಟ್ಟಿಯಲ್ಲಿ ಎಚ್-1ಬಿ ಕೊಡುತ್ತಾರೆ ಎಂದು ಬರೆದಿದ್ದರೆ ಅದನ್ನು ನಂಬದೆ ಮತ್ತೆ ಕೇಳಿ. ವೀಸಾವನ್ನೇ ಕೊಡದ ಪ್ರೋಗ್ರಾಂ ಎಷ್ಟೇ ಚೆನ್ನಾಗಿದ್ದರೂ ಅಳಿಸಿಬಿಡಿ.

ಎರಡನೆಯದು ಎಂಬಿಬಿಎಸ್ ಮುಗಿಸಿದ ವರ್ಷ. ಕೆಲವು ಪ್ರೋಗ್ರಾಂಗಳು ಮೂರು ವರ್ಷ, ಕೆಲವು ಐದು ವರ್ಷದ ಮಿತಿ ಇಟ್ಟಿರುತ್ತವೆ, ಮಿತಿ ದಾಟಿದ ಅರ್ಜಿಯನ್ನು ಜರಡಿ ತಾನೇ ಕೆಳಗೆ ಬೀಳಿಸುತ್ತದೆ. ಮೂರನೆಯದು ಅದೇ ಪರೀಕ್ಷೆಯ ಎರಡನೇ ಹಂತವಾದ ಸ್ಟೆಪ್ 2 ಸಿಕೆ ಅಂಕ ಮತ್ತು ಎಷ್ಟನೇ ಪ್ರಯತ್ನ ಎಂಬುದು. 2022ರ ಜನವರಿ 26ರಿಂದ ಸ್ಟೆಪ್ 1ರಲ್ಲಿ ಪಾಸ್ ಅಥವಾ ಫೇಲ್ ಮಾತ್ರ ಇರುವುದರಿಂದ ಜರಡಿಯ ಭಾರವೆಲ್ಲ ಸ್ಟೆಪ್ 2ರ ಮೇಲೆ ಬಿದ್ದಿದೆ. ನಾಲ್ಕನೆಯದು ಅಮೆರಿಕದ ಆಸ್ಪತ್ರೆಯಲ್ಲಿನ ಅನುಭವ: ಎಷ್ಟು ತಿಂಗಳು ಕೇಳುತ್ತಾರೆ, ಪಕ್ಕದಲ್ಲಿ ನಿಂತು ನೋಡುವ ಅಬ್ಸರ್ವರ್‌ಶಿಪ್ ಸಾಕೋ, ರೋಗಿಗಳನ್ನು ಸ್ವತಃ ನೋಡಿದ ಅನುಭವವೇ ಬೇಕೋ. ಐದನೆಯದನ್ನು ಹೆಚ್ಚಿನವರು ನೋಡುವುದೇ ಇಲ್ಲ. ಪ್ರೋಗ್ರಾಂ ಪುಟದಲ್ಲಿ ಈಗಿನ ರೆಸಿಡೆಂಟ್‌ಗಳ ಪಟ್ಟಿ ಇರುತ್ತದೆ. ಮೂರು ವರ್ಷದ ಬ್ಯಾಚುಗಳಲ್ಲಿ ಹೊರದೇಶದಲ್ಲಿ ಓದಿದವರು ಎಷ್ಟು, ಅವರಲ್ಲಿ ವೀಸಾ ಬೇಕಿದ್ದವರು ಯಾರಿರಬಹುದು, ಭಾರತದ ಕಾಲೇಜುಗಳ ಹೆಸರಿದೆಯೇ ಎಂದು ಎಣಿಸಿ. ಹೊರದೇಶದವರಿಗೆ ಸ್ವಾಗತ ಎಂದು ಬರೆದಿದ್ದು ಮೂವತ್ತು ರೆಸಿಡೆಂಟ್‌ಗಳಲ್ಲಿ ಒಬ್ಬರೂ ಇಲ್ಲದಿದ್ದರೆ ಆ ಸ್ವಾಗತಕ್ಕೆ ಬೆಲೆ ಕೊಡಬೇಡಿ.

ಈ ಐದೂ ಆದ ಮೇಲೆ ಉಳಿದದ್ದನ್ನು ಮೂರು ಗುಂಪು ಮಾಡಿ. ಎಲ್ಲ ಷರತ್ತೂ ಹೊಂದುವುದರ ಜೊತೆಗೆ ನಿಮಗೆ ಏನಾದರೂ ನಂಟಿರುವವು, ಅಂದರೆ ರೊಟೇಷನ್ (ಕೆಲವು ವಾರದ ತರಬೇತಿ) ಮಾಡಿದ ಆಸ್ಪತ್ರೆ, ಶಿಫಾರಸು ಪತ್ರ ಬರೆದುಕೊಟ್ಟ ವೈದ್ಯರ ಊರು, ನಿಮ್ಮ ಕಾಲೇಜಿನ ಸೀನಿಯರ್ ಇರುವ ಜಾಗ, ಮೊದಲ ಗುಂಪು. ಷರತ್ತು ಮಾತ್ರ ಹೊಂದುವವು ಎರಡನೆಯದು. ಏನೂ ಸ್ಪಷ್ಟವಿಲ್ಲದವು ಮೂರನೆಯದು. ಮೊದಲನೆಯದಕ್ಕೆಲ್ಲ ಹಾಕಿ, ಎರಡನೆಯದರಲ್ಲಿ ಹೆಚ್ಚಿನವಕ್ಕೆ ಹಾಕಿ, ಮೂರನೆಯದರಲ್ಲಿ ಹತ್ತಿಪ್ಪತ್ತಕ್ಕೆ ನಿಲ್ಲಿಸಿ. ಒಂದೇ ಪ್ರಯತ್ನದಲ್ಲಿ ಪಾಸಾಗಿ, ಸ್ಟೆಪ್ 2ರಲ್ಲಿ 250 ದಾಟಿ, ಎರಡು ಮೂರು ವರ್ಷದೊಳಗೆ ಪದವಿ ಪಡೆದು, ಎರಡು ತಿಂಗಳಾದರೂ ಅಲ್ಲಿನ ಅನುಭವ ಇರುವವರ ಪಟ್ಟಿ ಹೀಗೆ ಸೋಸಿದರೆ 80ರಿಂದ 120ರ ನಡುವೆ ನಿಲ್ಲಬೇಕು ಎಂಬುದು ನಮ್ಮ ಅಭಿಪ್ರಾಯ. ಇದರಲ್ಲಿ ಒಂದೆರಡು ಕಡಿಮೆ ಇರುವವರಿಗೆ 120ರಿಂದ 160. ಅದಕ್ಕಿಂತ ಹೆಚ್ಚು ಬೇಕೆನಿಸಿದರೆ ಸಮಸ್ಯೆ ಇರುವುದು ಸಂಖ್ಯೆಯಲ್ಲಲ್ಲ, ಅರ್ಜಿಯಲ್ಲಿ.

ದುಡ್ಡಿನ ಲೆಕ್ಕ ಮನೆಯವರಿಗೆ. 2024-25ರ ಸಾಲಿನಲ್ಲಿ ಇರಾಸ್ ಶುಲ್ಕ ಬದಲಾಯಿತು: ಒಂದು ವಿಭಾಗದಲ್ಲಿ ಮೊದಲ 30 ಪ್ರೋಗ್ರಾಂಗಳಿಗೆ ತಲಾ 11 ಡಾಲರ್, 31ನೆಯದರಿಂದ ತಲಾ 30 ಡಾಲರ್. ಆ ದರದಲ್ಲಿ 30 ಅರ್ಜಿಗೆ 330 ಡಾಲರ್, 100ಕ್ಕೆ 2,430, 120ಕ್ಕೆ 3,030, 200ಕ್ಕೆ 5,430. ಡಾಲರಿಗೆ 85 ರೂಪಾಯಿಯಂತೆ 120 ಮತ್ತು 200ರ ನಡುವಿನ ವ್ಯತ್ಯಾಸವೇ 2,04,000 ರೂಪಾಯಿ. ಅಷ್ಟು ಹಣದಲ್ಲಿ ಅಲ್ಲಿಗೆ ಹೋಗಿ ಒಂದು ತಿಂಗಳು ರೊಟೇಷನ್ ಮಾಡುವ ಖರ್ಚಿನ ದೊಡ್ಡ ಪಾಲು ಬರುತ್ತದೆ. ಆ ಒಂದು ತಿಂಗಳಿಂದ ಬರುವ ಶಿಫಾರಸು ಪತ್ರ ಕೊನೆಯ ಎಂಬತ್ತು ಅರ್ಜಿಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಶುಲ್ಕ ವಿಭಾಗವಾರು ಎಣಿಕೆಯಾಗುತ್ತದೆ ಎಂಬುದನ್ನೂ ನೆನಪಿಡಿ: ಫ್ಯಾಮಿಲಿ ಮೆಡಿಸಿನ್‌ಗೂ ಹಾಕಿದರೆ ಅದರ ಮೊದಲ 30ಕ್ಕೆ ಮತ್ತೆ 11 ಡಾಲರ್ ದರ. ಆದರೆ ಎರಡನೇ ವಿಭಾಗಕ್ಕೆ ಬೇರೆ ಪರ್ಸನಲ್ ಸ್ಟೇಟ್‌ಮೆಂಟ್, ಆ ವಿಭಾಗದವರಿಂದ ಕನಿಷ್ಠ ಒಂದು ಪತ್ರ ಇಲ್ಲದೆ ಹೋಗಬೇಡಿ. ಕಟ್ಟಿದ ದುಡ್ಡು ವಾಪಸು ಬರುವುದಿಲ್ಲ.

ಇನ್ನು ಸಿಗ್ನಲ್. ಅರ್ಜಿಯ ಜೊತೆಗೆ, ನಿಮ್ಮ ಪ್ರೋಗ್ರಾಂನಲ್ಲಿ ನನಗೆ ನಿಜವಾದ ಆಸಕ್ತಿ ಇದೆ ಎಂದು ಹೇಳುವ ಗುರುತು ಅದು. ಇಂಟರ್ನಲ್ ಮೆಡಿಸಿನ್‌ನಲ್ಲಿ 2024-25ರಿಂದ 3 ಗೋಲ್ಡ್, 12 ಸಿಲ್ವರ್, ಒಟ್ಟು 15. ಆರ್ಥೋಪೆಡಿಕ್ಸ್‌ನಲ್ಲಿ 30. ಹೀಗೆ ಸಿಗ್ನಲ್ ಹೆಚ್ಚಿರುವ ವಿಭಾಗಗಳಲ್ಲಿ ಸಿಗ್ನಲ್ ಇಲ್ಲದ ಅರ್ಜಿಯನ್ನು ತೆರೆಯುವುದೇ ಅಪರೂಪ, ಆದ್ದರಿಂದ ಅಲ್ಲಿ ಅರ್ಜಿಯ ಸಂಖ್ಯೆಯೂ ಸಿಗ್ನಲ್ ಸಂಖ್ಯೆಯ ಆಸುಪಾಸಿನಲ್ಲೇ ಇರಬೇಕು. ಇಂಟರ್ನಲ್ ಮೆಡಿಸಿನ್‌ನಲ್ಲಿ ಸಿಗ್ನಲ್ ಇಲ್ಲದೆಯೂ ಕರೆ ಬರುತ್ತದೆ, ಆದರೆ ಮೊದಲು ತೆರೆಯುವುದು ಸಿಗ್ನಲ್ ಇರುವ ಅರ್ಜಿಗಳನ್ನೇ. ನಮ್ಮವರು ಮಾಡುವ ದೊಡ್ಡ ತಪ್ಪು ಇಲ್ಲಿದೆ. ಹದಿನೈದರಲ್ಲಿ ಹತ್ತನ್ನು ಹೆಸರುವಾಸಿ ವಿಶ್ವವಿದ್ಯಾಲಯಗಳಿಗೆ ಕೊಟ್ಟುಬಿಡುತ್ತಾರೆ, ಆ ಪಟ್ಟಿಗಳಲ್ಲಿ ವೀಸಾ ಬೇಕಿರುವ ರೆಸಿಡೆಂಟ್ ಒಬ್ಬರೂ ಇರುವುದಿಲ್ಲ. ಸಿಗ್ನಲ್ ಬಾಗಿಲನ್ನು ತೆರೆಯುವುದಿಲ್ಲ, ತೆರೆದ ಬಾಗಿಲಿನ ಮುಂದಿನ ಸಾಲಿನಲ್ಲಿ ನಿಮ್ಮನ್ನು ಮುಂದೆ ನಿಲ್ಲಿಸುತ್ತದೆ. ಹಾಗಾಗಿ ಹದಿನೈದರಲ್ಲಿ ಹೆಚ್ಚಿನವನ್ನು ಮೊದಲ ಗುಂಪಿನಿಂದಲೇ ಆರಿಸಿ, ಒಂದೆರಡು ಮಾತ್ರ ಮಹತ್ವಾಕಾಂಕ್ಷೆಗೆ ಇಟ್ಟುಕೊಳ್ಳಿ.

ಅರ್ಜಿಯಲ್ಲಿ ಸೂಚಿಸುವ ಭೌಗೋಳಿಕ ಆದ್ಯತೆಯೂ ಹೀಗೇ. ಅಮೆರಿಕದ ಒಂಬತ್ತು ಪ್ರದೇಶಗಳಲ್ಲಿ ಮೂರನ್ನು ಆರಿಸಬಹುದು. ಆರಿಸಿದ ಪ್ರದೇಶದ ಪ್ರೋಗ್ರಾಂಗಳಿಗೆ ಮಾತ್ರ ಅದು ಕಾಣುತ್ತದೆ, ಉಳಿದವಕ್ಕೆ ಕಾಣುವುದಿಲ್ಲ. ಹೊರದೇಶದ ವೈದ್ಯರು ಹೆಚ್ಚಾಗಿ ಸೇರುವ ನ್ಯೂಯಾರ್ಕ್, ನ್ಯೂಜೆರ್ಸಿ, ಮಿಷಿಗನ್, ಫ್ಲಾರಿಡಾ ನಿಮ್ಮ ಪಟ್ಟಿಯಲ್ಲಿ ತುಂಬಿದ್ದು, ಚಿಕ್ಕಪ್ಪನ ಮನೆ ಇದೆ ಎಂದು ಆದ್ಯತೆಯಲ್ಲಿ ಪೆಸಿಫಿಕ್ ತೀರ ಬರೆದರೆ ಒಂದಕ್ಕೊಂದು ತಾಳೆಯಾಗುವುದಿಲ್ಲ.

ಅರ್ಜಿ ಪೂರ್ತಿಯಾಗಿರಬೇಕಾದದ್ದು ಪ್ರೋಗ್ರಾಂಗಳು ತೆರೆದು ನೋಡುವ ದಿನಕ್ಕೆ, ಅಂದರೆ ಸೆಪ್ಟೆಂಬರ್ ಕೊನೆಯ ವಾರಕ್ಕೆ. ಸ್ಟೆಪ್ 2ರ ಫಲಿತಾಂಶ ಬರಲು ಎರಡರಿಂದ ನಾಲ್ಕು ವಾರ ಬೇಕು, ಹಾಗಾಗಿ ಪರೀಕ್ಷೆ ಜುಲೈನಲ್ಲೇ ಮುಗಿಯಲಿ. ಅಂಕವಿಲ್ಲದ 150 ಅರ್ಜಿಗಿಂತ ಅಂಕವಿರುವ 80 ಅರ್ಜಿ ಗಟ್ಟಿ. ಒಂದು ಪ್ರೋಗ್ರಾಂಗೆ ಹೆಚ್ಚೆಂದರೆ ನಾಲ್ಕು ಪತ್ರ ಜೋಡಿಸಬಹುದು. ಅನುಭವಗಳು ಹತ್ತು, ಅದರಲ್ಲಿ ಮೂರನ್ನು ಅತಿ ಮುಖ್ಯವೆಂದು ಗುರುತಿಸಬಹುದು. ಕರ್ನಾಟಕದಲ್ಲಿ ಕಡ್ಡಾಯ ಗ್ರಾಮೀಣ ಸೇವೆ ಮಾಡಿದವರು ಅದನ್ನು ಖಾಲಿ ವರ್ಷದಂತೆ ಮುಚ್ಚಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ದಿನಕ್ಕೆಷ್ಟು ಜನರನ್ನು ನೋಡಿದಿರಿ, ಯಾವ ಕಾಯಿಲೆ, ಯಾರನ್ನು ತಾಲ್ಲೂಕು ಆಸ್ಪತ್ರೆಗೆ ಕಳಿಸಬೇಕೆಂದು ಹೇಗೆ ತೀರ್ಮಾನಿಸಿದಿರಿ ಎಂದು ಬಿಡಿಸಿ ಬರೆದರೆ ಆ ಮೂರರಲ್ಲಿ ಒಂದಾಗಲು ಅದು ಪೂರ್ತಿ ಅರ್ಹ.

ಕರೆಗಳು ಅಕ್ಟೋಬರ್‌ನಿಂದ ಬರತೊಡಗುತ್ತವೆ. ಬಂದ ಗಂಟೆಯೊಳಗೆ ದಿನಾಂಕ ಹಿಡಿಯಿರಿ. ನೀವು ಮಲಗಿದ್ದಾಗ ಬರುವ ಇಮೇಲ್ ನೋಡಲು ಮನೆಯಲ್ಲಿ ಒಬ್ಬರನ್ನು ಒಪ್ಪಿಸಿಡಿ. ಸ್ಪ್ಯಾಮ್ ಫೋಲ್ಡರ್ ದಿನಕ್ಕೆರಡು ಸಲ ನೋಡಿ. 2020ರಿಂದೀಚೆಗೆ ಹೆಚ್ಚಿನವು ವೀಡಿಯೊ ಇಂಟರ್‌ವ್ಯೂಗಳೇ, ಹಾಗಾಗಿ ವಿಮಾನದ ಖರ್ಚಿಲ್ಲ, ಆದರೆ ರಾತ್ರಿಯ ನಿದ್ದೆಗೆ ಖರ್ಚಿದೆ. ನ್ಯೂಯಾರ್ಕಿನ ಬೆಳಿಗ್ಗೆ 8 ಎಂದರೆ ಅಕ್ಟೋಬರ್‌ನಲ್ಲಿ ನಮಗೆ ಸಂಜೆ 5:30, ನವೆಂಬರ್ ಮೊದಲ ಭಾನುವಾರ ಅಲ್ಲಿ ಗಡಿಯಾರ ಹಿಂದಕ್ಕೆ ಹೋದ ಮೇಲೆ ಸಂಜೆ 6:30. ಕ್ಯಾಲಿಫೋರ್ನಿಯಾದ ಬೆಳಿಗ್ಗೆ 8 ಆಗ ನಮಗೆ ರಾತ್ರಿ 9:30, ಮುಗಿಯುವಾಗ ಒಂದೋ ಎರಡೋ ಗಂಟೆ. ಈ ಒಂದು ಗಂಟೆಯ ವ್ಯತ್ಯಾಸದಲ್ಲಿ ಇಂಟರ್‌ವ್ಯೂ ತಪ್ಪಿಸಿಕೊಂಡವರು ಪ್ರತಿ ವರ್ಷವೂ ಇರುತ್ತಾರೆ. ವಾರಕ್ಕೆ ಮೂರಕ್ಕಿಂತ ಹೆಚ್ಚು ಹಿಡಿಯಬೇಡಿ. ನಾಲ್ಕನೆಯದರಲ್ಲಿ ಮುಖ ಬಾಡಿರುತ್ತದೆ, ಪ್ರೋಗ್ರಾಂ ಹೆಸರು ಅದಲು ಬದಲಾಗುತ್ತದೆ. ಕರೆಂಟ್ ಹೋದರೂ ವೈಫೈ ನಿಲ್ಲದಂತೆ ರೂಟರ್‌ಗೆ ಯುಪಿಎಸ್, ಜೊತೆಗೆ ಇನ್ನೊಂದು ಕಂಪನಿಯ ಸಿಮ್ ಇರುವ ಫೋನಿನ ಹಾಟ್‌ಸ್ಪಾಟ್ ತಯಾರಿರಲಿ.

ಹದಿನೈದು ದಾಟಿದವರಿಗೆ ಒಂದು ವಿನಂತಿ. ಎಲ್ಲಿಗೆ ಸೀಟು ಬಂದರೂ ಹೋಗಲಾರಿರೋ ಆ ಇಂಟರ್‌ವ್ಯೂಗಳನ್ನು ಎರಡು ವಾರ ಮುಂಚೆಯೇ ಬಿಟ್ಟುಕೊಡಿ. ಒಂದು ಪ್ರೋಗ್ರಾಂ ನೀಡಬಲ್ಲ ಸಮಯ ಎಣಿಕೆಯಷ್ಟೇ. ನೀವು ಹಿಡಿದಿಟ್ಟ ಆ ಒಂದು ಗಂಟೆ ರಾಯಚೂರಿನಲ್ಲೋ ಶಿವಮೊಗ್ಗದಲ್ಲೋ ಎರಡೇ ಇಂಟರ್‌ವ್ಯೂ ಇಟ್ಟುಕೊಂಡು ಕಾಯುತ್ತಿರುವವರ ಮೂರನೆಯದಾಗಬಹುದಿತ್ತು. ಹೇಳದೆ ಕೇಳದೆ ಗೈರಾಗುವುದಂತೂ ನಿಮ್ಮ ಕಾಲೇಜಿನಿಂದ ಮುಂದೆ ಬರುವವರ ಬಾಗಿಲನ್ನೇ ಮುಚ್ಚುತ್ತದೆ.

ನವೆಂಬರ್ ಮಧ್ಯಕ್ಕೂ ಕರೆ ಬಾರದವರು ಗಾಬರಿಯಲ್ಲಿ ಇನ್ನೂ ಐವತ್ತು ಅರ್ಜಿ ಸೇರಿಸುತ್ತಾರೆ. ಅಷ್ಟರಲ್ಲಿ ಕರೆಗಳಲ್ಲಿ ಹೆಚ್ಚಿನವು ಹಂಚಿಹೋಗಿರುತ್ತವೆ, ಆ ಐವತ್ತಕ್ಕೂ ತಲಾ 30 ಡಾಲರ್. ಬದಲು ಮೊದಲ ಗುಂಪಿನ ಪ್ರೋಗ್ರಾಂಗಳಿಗೆ ಹೊಸ ಸಂಗತಿ ಇದ್ದರೆ ಮಾತ್ರ, ಅಂದರೆ ಸ್ಟೆಪ್ 3 ಫಲಿತಾಂಶ, ಹೊಸ ಪತ್ರ, ಪ್ರಕಟವಾದ ಲೇಖನ ಇದ್ದರೆ, ಚಿಕ್ಕದಾಗಿ ತಿಳಿಸಿ. ಪತ್ರ ಕೊಟ್ಟ ವೈದ್ಯರನ್ನು ಒಂದು ಮಾತು ಹೇಳುವಂತೆ ಕೇಳಿ.

ರ್‍ಯಾಂಕ್ ಲಿಸ್ಟಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮ್ಯಾಚ್‌ನಲ್ಲಿ 1998ರಿಂದ ಬಳಕೆಯಲ್ಲಿರುವ ಹೊಂದಾಣಿಕೆಯ ಕ್ರಮ ಅಭ್ಯರ್ಥಿಯ ಆಸೆಯಿಂದಲೇ ಶುರುವಾಗುತ್ತದೆ. ಅದನ್ನು ರೂಪಿಸಿದವರಲ್ಲಿ ಒಬ್ಬರಾದ ಆಲ್ವಿನ್ ರಾತ್ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡರು. ಎಲ್ಲಿ ಸಿಗಬಹುದು ಎಂದು ಊಹಿಸದೆ ಎಲ್ಲಿ ಬೇಕು ಎಂಬ ಕ್ರಮದಲ್ಲೇ ಬರೆಯಿರಿ. ಹೋಗಲು ಒಪ್ಪುವ ಎಲ್ಲವನ್ನೂ ಬರೆಯಿರಿ. ಮೊದಲ 20 ಹೆಸರು ನೋಂದಣಿ ಶುಲ್ಕದಲ್ಲೇ ಸೇರಿವೆ. ಫಲಿತಾಂಶ ಬರುವ ಮ್ಯಾಚ್ ವಾರದ ಸೋಮವಾರ ಇಲ್ಲ ಎಂದು ಬಂದರೆ, ಖಾಲಿ ಉಳಿದ ಸೀಟುಗಳನ್ನು ತುಂಬುವ ಸೋಪ್ ಎಂಬ ಸುತ್ತಿನಲ್ಲಿ 45 ಅರ್ಜಿಗಳ ಮಿತಿ ಇದೆ. ಆಗ ಪ್ರೋಗ್ರಾಂನವರು ತಾವಾಗಿ ಸಂಪರ್ಕಿಸುವವರೆಗೆ ನೀವೂ, ನಿಮ್ಮ ಪರವಾಗಿ ಇನ್ನೊಬ್ಬರೂ ಫೋನ್ ಮಾಡುವಂತಿಲ್ಲ. ಯಾವ 45 ಎಂಬುದನ್ನು ನಿಮ್ಮ ಎಕ್ಸೆಲ್ ಹಾಳೆಯೇ ಹೇಳುತ್ತದೆ, ಅಳಿಸಬೇಡಿ.

ಪ್ರಾಂಶುಪಾಲರೇ, ಕೊನೆಯ ಮಾತು ನಿಮ್ಮಲ್ಲಿ. ವಿದ್ಯಾರ್ಥಿ ಎಷ್ಟೇ ಜಾಣತನದಿಂದ ಪಟ್ಟಿ ಕಟ್ಟಿದರೂ ಎಂಎಸ್‌ಪಿಇ (ವಿದ್ಯಾರ್ಥಿಯ ಸಾಧನೆಯ ಬಗ್ಗೆ ಕಾಲೇಜು ಬರೆಯುವ ಪತ್ರ) ಮತ್ತು ಅಂಕಗಳ ಟ್ರಾನ್ಸ್‌ಕ್ರಿಪ್ಟ್ ಕಾಲೇಜಿನಿಂದಲೇ ಹೋಗಬೇಕು. ಅದು ಅಕ್ಟೋಬರ್‌ನಲ್ಲಿ ತಲುಪಿದರೆ ಆ ನೂರು ಅರ್ಜಿಗಳೂ ಅರ್ಧ ಖಾಲಿಯಾಗಿ ನಿಂತಿರುತ್ತವೆ. ಕಾಲೇಜಿನಲ್ಲಿ ಇದಕ್ಕೊಬ್ಬ ಜವಾಬ್ದಾರಿಯುತ ಸಿಬ್ಬಂದಿಯನ್ನು ನೇಮಿಸಿ, ಅವರ ಇಮೇಲ್ ವಿದ್ಯಾರ್ಥಿಗಳಿಗೆ ತಿಳಿದಿರಲಿ. ಎಂಎಸ್‌ಪಿಇಯಲ್ಲಿ ಎಲ್ಲರಿಗೂ ಒಂದೇ ಎರಡು ವಾಕ್ಯ ಅಂಟಿಸದೆ, ಯಾವ ವಿಭಾಗದಲ್ಲಿ ಆ ವಿದ್ಯಾರ್ಥಿ ಏನು ಮಾಡಿದ ಎಂದು ಬರೆಸಿ. ಆಗಸ್ಟ್ 31ರೊಳಗೆ ಸಿದ್ಧವಾಗಿ, ಸೆಪ್ಟೆಂಬರ್ ಎರಡನೇ ವಾರದೊಳಗೆ ಅಪ್‌ಲೋಡ್ ಆಗಲಿ.

ಇಂತಿ,
ನಿಮಗಿಂತ ಮುಂಚೆ ಈ ದಾರಿಯಲ್ಲಿ ಹೋದ ಕನ್ನಡದ ವೈದ್ಯರು